ಲ್ಯಾಟಿನ್ ಪದವೊಂದರ ಜಾಡು ಹಿಡಿಯುವುದು ಹೇಗೆ: ‘ಕಮೆರ’ದಿಂದ ಚೇಂಬರ್, ಕಾಮ್ರೇಡ್, ಕ್ಯಾಮೆರಾಗಳವರೆಗೆ

ಮನೆ ಕಟ್ಟಿಸುತ್ತಿರುವವರನ್ನು ಪ್ಲಂಬರ್ ಒಂದು ದಿನ ಕರೆದು, ಒಳಚರಂಡಿಯ ಚೇಂಬರನ್ನು ಗೇಟಿನ ಒಳಗೆ ಕೂರಿಸಬೇಕೋ ಹೊರಗೆ ಕೂರಿಸಬೇಕೋ ಎಂದು ಕೇಳುತ್ತಾನೆ. ಅದೇ ವಾರ ಅವರು ವಕೀಲರೊಬ್ಬರನ್ನು ಕಾಣಲು ಅವರ ಚೇಂಬರಿಗೆ ಹೋಗಿರುತ್ತಾರೆ, ಫಿಲಂ ಚೇಂಬರಿನ ಚುನಾವಣೆಯ ಸುದ್ದಿ ಓದಿರುತ್ತಾರೆ, ಕಾರ್ಮಿಕ ಸಂಘದ ಮೆರವಣಿಗೆಯಲ್ಲಿ ‘ಕಾಮ್ರೇಡ್’ ಎಂಬ ಕೂಗು ಕೇಳಿರುತ್ತಾರೆ, ಗೋಡೆಗೆ ಸಿಸಿ ಕ್ಯಾಮೆರಾ ಹಾಕಿಸಲು ಮುಂಗಡ ಕೊಟ್ಟಿರುತ್ತಾರೆ. ಈ ಚೇಂಬರ್, ಕಾಮ್ರೇಡ್, ಕ್ಯಾಮೆರಾ ಮೂರೂ ಒಂದೇ ಲ್ಯಾಟಿನ್ ಪದದ ಸಂತಾನ. ಆ ಪದ ‘ಕಮೆರ’. ಅದರ ಮೊದಲ ಅರ್ಥ ಕೋಣೆಯೂ ಅಲ್ಲ, ಫೋಟೋ ತೆಗೆಯುವ ಪೆಟ್ಟಿಗೆಯೂ ಅಲ್ಲ.

ಒಂದು ಪದ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಯಾವ ಭಾಷೆಗೆ ಹೋಯಿತು ಎಂಬುದನ್ನು ಭಾಷಾಶಾಸ್ತ್ರದ ಪದವಿಯಿಲ್ಲದವರೂ ಕ್ರಮವಾಗಿ ಹುಡುಕಬಹುದು. ಆ ಕ್ರಮವನ್ನು ‘ಕಮೆರ’ ಎಂಬ ಒಂದೇ ಪದವನ್ನು ಹಿಡಿದುಕೊಂಡು ಇಲ್ಲಿ ವಿವರಿಸಿದ್ದೇನೆ. ನನ್ನ ಅನುಭವದಲ್ಲಿ ಹತ್ತು ಪದಗಳನ್ನು ಅರ್ಧಂಬರ್ಧ ತಿಳಿಯುವುದಕ್ಕಿಂತ ಒಂದನ್ನು ಕೊನೆಯವರೆಗೂ ಹಿಂಬಾಲಿಸುವುದರಿಂದ ಹೆಚ್ಚು ಕಲಿಯಬಹುದು. ಕೆಲಸದುದ್ದಕ್ಕೂ ನೆನಪಿಡಬೇಕಾದ ಸೂತ್ರ ಇಷ್ಟೇ: ಪದದ ಧ್ವನಿ ಅದು ಬಂದ ದಾರಿಯನ್ನೂ ಕಾಲವನ್ನೂ ಹೇಳುತ್ತದೆ, ಪದದ ಅರ್ಥ ಅದನ್ನು ಹೊತ್ತು ತಂದವರು ಯಾರೆಂದು ಹೇಳುತ್ತದೆ. ಎರಡೂ ಒಂದೇ ಮಾತು ಹೇಳುವವರೆಗೆ ವ್ಯುತ್ಪತ್ತಿಯನ್ನು ನಂಬಬಾರದು.

ಅನ್ಯಭಾಷೆಯ ಪದಗಳನ್ನು ಕನ್ನಡ ಲಿಪಿಯಲ್ಲೇ, ಉಚ್ಚಾರಣೆಗೆ ಆದಷ್ಟು ಹತ್ತಿರವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ರೂಪಗಳನ್ನು ಕಲೆಹಾಕುವುದು

ಒಂದು ನೋಟ್‌ಬುಕ್ಕಿನ ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ಭಾಷೆ, ರೂಪ, ಅರ್ಥ, ಬರಹದಲ್ಲಿ ಮೊದಲು ಸಿಕ್ಕಿದ ಕಾಲ. ನಾಲ್ಕನೆಯ ಕಾಲಂ ಬಹಳ ಸಲ ಖಾಲಿ ಉಳಿಯುತ್ತದೆ, ಉಳಿಯಲಿ. ಊಹೆಯಿಂದ ತುಂಬಿದ ಕಾಲಂ ಮುಂದೆ ದಾರಿ ತಪ್ಪಿಸುತ್ತದೆ. ಇಂಗ್ಲಿಷ್ ಪದಗಳಿಗೆ ಆಕ್ಸ್‌ಫರ್ಡ್ ಮಹಾನಿಘಂಟು, ಫ್ರೆಂಚ್ ಪದಗಳಿಗೆ ಅಂತರಜಾಲದಲ್ಲಿ ಉಚಿತವಾಗಿ ಸಿಗುವ ‘ತ್ರೆಜೋರ್’ ನಿಘಂಟು, ಇವೆರಡಿದ್ದರೆ ಅರ್ಧ ಕೆಲಸ ಮುಗಿದಂತೆ.

‘ಕಮೆರ’ಕ್ಕೆ ನನ್ನ ಪುಟದಲ್ಲಿ ಬಂದ ಸಾಲುಗಳಲ್ಲಿ ಕೆಲವು ಇವು. ಇಟಾಲಿಯನ್‌ನಲ್ಲಿ ‘ಕಾಮೆರ’, ಅರ್ಥ ಕೋಣೆ, ವಿಶೇಷವಾಗಿ ಮಲಗುವ ಕೋಣೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್‌ನಲ್ಲಿ ‘ಕಾಮರ’, ಕೆಟಲಾನ್‌ನಲ್ಲಿ ‘ಕಾಂಬ್ರ’, ಫ್ರೆಂಚ್‌ನಲ್ಲಿ ‘ಶಾಂಬ್ರ್’, ಇಂಗ್ಲಿಷ್‌ನಲ್ಲಿ ‘ಚೇಂಬರ್’, ಜರ್ಮನ್‌ನಲ್ಲಿ ‘ಕಮ್ಮರ್’, ಸ್ವೀಡಿಷ್‌ನಲ್ಲಿ ‘ಕಮ್ಮಾರೆ’, ಅದರ ಮೂಲಕ ಫಿನ್ನಿಷ್‌ನಲ್ಲಿ ‘ಕಮರಿ’. ಐರಿಷ್‌ನಲ್ಲಿ ಕೋಣೆಗೆ ‘ಶೋಮ್ರ’, ಮಾಲ್ಟೀಸ್‌ನಲ್ಲಿ ‘ಕಮ್ರ’, ಬಾಸ್ಕ್‌ನಲ್ಲಿ ಅಟ್ಟಕ್ಕೆ ‘ಗನ್ಬರ’, ಉಕ್ರೇನಿಯನ್‌ನಲ್ಲಿ ಉಗ್ರಾಣಕ್ಕೆ ‘ಕೊಮೋರ’. ಹಂಗೇರಿಯನ್‌ನಲ್ಲಿ ಎರಡು ರೂಪಗಳಿವೆ: ‘ಕಮ್ರ’ ಎಂದರೆ ಉಗ್ರಾಣ, ‘ಕಮರ’ ಎಂದರೆ ವಾಣಿಜ್ಯ ಮಂಡಳಿಯಂಥ ಸಂಸ್ಥೆ.

ಒಂದೇ ಭಾಷೆಯಲ್ಲಿ ಎರಡು ರೂಪ ಕಂಡಾಗ ಅದರ ಕೆಳಗೆ ಗೆರೆ ಎಳೆದಿಟ್ಟುಕೊಳ್ಳಿ. ಕಥೆ ಬಿಚ್ಚಿಕೊಳ್ಳುವುದು ಅಲ್ಲಿಂದಲೇ.

ಎರಡನೆಯ ಹೆಜ್ಜೆ: ಮೂಲದ ಅರ್ಥವನ್ನು ಮೂಲದಲ್ಲೇ ನೋಡುವುದು

ಈ ಎಲ್ಲ ರೂಪಗಳ ಅರ್ಥವನ್ನು ಕಂಡು ‘ಕಮೆರ ಎಂದರೆ ಕೋಣೆ’ ಎಂದು ಬರೆದುಬಿಡುವ ಆಸೆಯಾಗುತ್ತದೆ. ಹಾಗೆ ಮಾಡದೆ ಪದವನ್ನು ಹಳೆಯ ಬರಹಗಾರರು ಹೇಗೆ ಬಳಸಿದ್ದಾರೆ ಎಂದು ನೋಡಬೇಕು. ಕ್ರಿ.ಪೂ. ಮೊದಲ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ 7ನೇ ಸಂಪುಟದಲ್ಲಿ ‘ಕಮೆರ’ ಮಾಡುವ ವಿಧಾನವನ್ನೇ ವಿವರಿಸಿದ್ದಾನೆ. ಮರದ ಪಟ್ಟಿಗಳನ್ನು ಎರಡು ಅಡಿಗಿಂತ ಹೆಚ್ಚು ಅಂತರವಿಲ್ಲದಂತೆ ಜೋಡಿಸಬೇಕು. ಅವು ಸೈಪ್ರಸ್ ಮರದವಾಗಿದ್ದರೆ ಒಳ್ಳೆಯದು, ಏಕೆಂದರೆ ಫರ್ ಮರ ಬೇಗ ಲಡ್ಡಾಗುತ್ತದೆ. ಅವುಗಳನ್ನು ಕಮಾನಿನಂತೆ ಬಾಗಿಸಿ ಮೇಲಿನ ತೊಲೆಗಳಿಗೆ ಬಿಗಿದ ಮೇಲೆ, ಜಜ್ಜಿದ ಗ್ರೀಕ್ ಜೊಂಡನ್ನು ಸ್ಪೇನಿನ ಹುಲ್ಲುನಾರಿನ ಹಗ್ಗದಿಂದ ಅವಕ್ಕೆ ಕಟ್ಟಿ, ಅದರ ಮೇಲೆ ಗಾರೆ ಬಳಿಯಬೇಕು. ಅಂದರೆ ‘ಕಮೆರ’ ಎಂಬುದು ಕೋಣೆಯ ಮೇಲಿನ ಕಮಾನಿನಾಕಾರದ ಒಳಮಾಡು. ಇನ್ನೊಂದು ಸಾಕ್ಷಿ ಇತಿಹಾಸಕಾರ ಟ್ಯಾಸಿಟಸ್‌ನದು. ಕಪ್ಪು ಸಮುದ್ರದ ತೀರದ ಜನರ ಒಂದು ಬಗೆಯ ದೋಣಿಗೆ ‘ಕಮರ’ ಎಂಬ ಹೆಸರಿತ್ತೆಂದೂ, ಅಲೆ ಎದ್ದಾಗ ಅದರ ಅಂಚಿನ ಮೇಲೆ ಹಲಗೆಗಳನ್ನು ಏರಿಸುತ್ತ ಹೋಗಿ ಕೊನೆಗೆ ಮಾಡಿನಂತೆ ಮುಚ್ಚಿಬಿಡುತ್ತಿದ್ದರೆಂದೂ ಆತ ಬರೆದಿದ್ದಾನೆ. ಎರಡರಲ್ಲೂ ಸಮಾನವಾಗಿರುವುದು ಬಾಗಿದ ಹೊದಿಕೆ.

ಲ್ಯಾಟಿನ್ ಇದನ್ನು ಗ್ರೀಕಿನಿಂದ ಪಡೆಯಿತು. ಗ್ರೀಕಿನ ‘ಕಮಾರ’ ಎಂದರೂ ಕಮಾನಿನ ಛಾವಣಿ ಅಥವಾ ಅಂಥ ಮುಚ್ಚಿಗೆಯುಳ್ಳ ವಸ್ತು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನು ಮುಚ್ಚಿದ ಗಾಡಿಗೆ ಬಳಸಿದ್ದಾನೆ. ಇಂದಿಗೂ ಥೆಸಲೊನೀಕಿ ನಗರದ ಜನ ರೋಮನ್ ಚಕ್ರವರ್ತಿ ಗಲೇರಿಯಸ್‌ನ ವಿಜಯದ್ವಾರವನ್ನು ‘ಕಮಾರ’ ಎಂದೇ ಕರೆಯುತ್ತಾರೆ. ಸ್ವಾರಸ್ಯವೆಂದರೆ ಈಗಿನ ಗ್ರೀಕಿನಲ್ಲಿ ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟ ‘ಕಮಾರ’ ಎಂದರೆ ಕಮಾನು, ಮೊದಲ ಅಕ್ಷರಕ್ಕೆ ಒತ್ತು ಕೊಟ್ಟ ‘ಕಾಮರ’ ಎಂದರೆ ಕೋಣೆ. ಮೊದಲನೆಯದು ಮನೆಯಲ್ಲೇ ಉಳಿದ ಮಗಳು, ಎರಡನೆಯದು ರೋಮಿಗೆ ಮದುವೆಯಾಗಿ ಹೋಗಿ ತವರಿಗೆ ಮರಳಿದವಳು.

ಛಾವಣಿಯ ಹೆಸರು ಕೋಣೆಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಭಾಗದ ಹೆಸರಿನಿಂದ ಇಡಿಯನ್ನು ಕರೆಯುವುದು ನಮ್ಮಲ್ಲೂ ಇದೆ. ‘ಹೆಂಚಿನ ಮನೆ’ಯನ್ನು ಬರೀ ‘ಹೆಂಚಿಂದು’ ಎನ್ನುವವರಿದ್ದಾರೆ.

ಮೂರನೆಯ ಹೆಜ್ಜೆ: ಧ್ವನಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದ ಹೆಜ್ಜೆ ಇದು. ‘ಕಮೆರ’ ‘ಶಾಂಬ್ರ್’ ಆಗುವುದನ್ನು ಕಣ್ಣಿನಿಂದ ನೋಡಿದರೆ ನಂಬಲು ಕಷ್ಟ. ಬಾಯಿಂದ ಹೇಳಿ ನೋಡಿದರೆ ಸುಲಭ.

ಮೊದಲ ಮೆಟ್ಟಿಲಲ್ಲಿ ನಡುವಣ ಸ್ವರ ಬಿದ್ದುಹೋಗುತ್ತದೆ. ಲ್ಯಾಟಿನ್‌ನಲ್ಲಿ ಒತ್ತು ಮೊದಲ ಅಕ್ಷರದ ಮೇಲಿತ್ತು, ಆದ್ದರಿಂದ ನಡುವಿನ ‘ಎ’ ಬಲ ಕಳೆದುಕೊಂಡು ‘ಕಮೆರ’ ‘ಕಮ್ರ’ವಾಯಿತು. ಕನ್ನಡಿಗರಿಗೆ ಇದನ್ನು ಕಲಿಸಬೇಕಾಗಿಲ್ಲ. ‘ಕೆಲಸ’ವನ್ನು ‘ಕೆಲ್ಸ’ ಎಂದೂ, ‘ಹೆಸರ’ನ್ನು ‘ಹೆಸ್ರು’ ಎಂದೂ ದಿನವೂ ಹೇಳುವವರು ನಾವು.

ಎರಡನೆಯ ಮೆಟ್ಟಿಲಲ್ಲಿ ಇಲ್ಲದ ‘ಬ’ ಹುಟ್ಟುತ್ತದೆ. ‘ಕಮ್ರ, ಕಮ್ರ’ ಎಂದು ಹತ್ತು ಸಲ ವೇಗವಾಗಿ ಹೇಳಿ ನೋಡಿ. ‘ಮ’ ಹೇಳುವಾಗ ತುಟಿ ಮುಚ್ಚಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತಿರುತ್ತದೆ. ‘ರ’ಕ್ಕೆ ಹೊರಳುವ ಮುನ್ನ ಮೂಗಿನ ದಾರಿ ಮುಚ್ಚಬೇಕು, ತುಟಿ ತೆರೆಯಬೇಕು. ಮೂಗಿನ ದಾರಿ ಒಂದು ಕ್ಷಣ ಮೊದಲೇ ಮುಚ್ಚಿತೆಂದರೆ, ಮುಚ್ಚಿದ ತುಟಿಗಳು ಬಿಡುವಾಗ ‘ಬ’ ಕೇಳಿಸಿಯೇ ಕೇಳಿಸುತ್ತದೆ. ಹೀಗೆ ‘ಕಮ್ರ’ ‘ಕಂಬ್ರ’ವಾಯಿತು. ಕೆಟಲಾನ್ ಭಾಷೆ ಇಲ್ಲೇ ನಿಂತಿದೆ. ಸಂಸ್ಕೃತದ ‘ಆಮ್ರ’ ಪ್ರಾಕೃತದಲ್ಲಿ ‘ಅಂಬ’ವಾಗಿ ಮರಾಠಿಯ ‘ಆಂಬಾ’, ಕೊಂಕಣಿಯ ‘ಆಂಬೊ’ ಆದದ್ದೂ ಇದೇ ತುಟಿಯ ಚಮತ್ಕಾರದಿಂದ.

ಮೂರನೆಯ ಮೆಟ್ಟಿಲು ಫ್ರೆಂಚಿನ ವಿಶೇಷ. ‘ಅ’ಕಾರದ ಮುಂದಿನ ‘ಕ’ ಅಲ್ಲಿ ‘ಚ’ ಆಯಿತು. ಇ, ಎ ಸ್ವರಗಳ ಮುಂದೆ ‘ಕ’ ಮೆತ್ತಗಾಗುವುದು ಲೋಕದಲ್ಲಿ ಸಾಮಾನ್ಯ. ನಮ್ಮ ‘ಕಿವಿ’ ತಮಿಳು ತೆಲುಗುಗಳಲ್ಲಿ ‘ಚೆವಿ’ಯಾದದ್ದು ಹಾಗೆಯೇ. ಲ್ಯಾಟಿನ್‌ನಲ್ಲಿ ನೂರಕ್ಕಿದ್ದ ‘ಕೆಂತುಮ್’ ಇಟಾಲಿಯನ್‌ನಲ್ಲಿ ‘ಚೆಂತೊ’ ಆದದ್ದೂ ಹಾಗೆಯೇ. ಆದರೆ ಉತ್ತರ ಫ್ರಾನ್ಸಿನ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಅ’ಕಾರದ ಮುಂದೆಯೂ ಇದನ್ನು ಮಾಡಿತು: ‘ಕಂಬ್ರ’ ‘ಚಾಂಬ್ರೆ’ಯಾಯಿತು. ಬಳಿಕ 13ನೇ ಶತಮಾನದ ಸುಮಾರಿಗೆ ಫ್ರೆಂಚಿನ ‘ಚ’ಗಳೆಲ್ಲ ‘ಶ’ಗಳಾದಾಗ ಇಂದಿನ ‘ಶಾಂಬ್ರ್’ ಸಿದ್ಧವಾಯಿತು.

ಈ ಮೆಟ್ಟಿಲುಗಳನ್ನು ಬರೆದ ಕೂಡಲೇ ಪ್ರತಿಯೊಂದಕ್ಕೂ ಬೇರೆ ಪದಗಳ ಸಾಕ್ಷಿ ತರಬೇಕು. ಒಂದೇ ಪದದಲ್ಲಿ ಕಂಡ ಬದಲಾವಣೆ ಆಕಸ್ಮಿಕವಿರಬಹುದು, ಹತ್ತರಲ್ಲಿ ಕಂಡರೆ ಮಾತ್ರ ಅದು ನಿಯಮ. ಹುಟ್ಟಿಕೊಂಡ ‘ಬ’ಗೆ ಸಾಕ್ಷಿ: ‘ನುಮೆರುಸ್’ನಿಂದ ‘ನೋಂಬ್ರ್’, ಅಂದರೆ ಸಂಖ್ಯೆ. ಇಂಗ್ಲಿಷಿನ ‘ನಂಬರ್’ನಲ್ಲಿರುವ ‘ಬ’ ಬಂದದ್ದು ಇಲ್ಲಿಂದ. ‘ಕ’ ‘ಶ’ವಾದದ್ದಕ್ಕೆ ಸಾಕ್ಷಿ: ‘ಕಬಲ್ಲುಸ್’ ಎಂಬ ಕುದುರೆ ‘ಶೆವಾಲ್’ ಆಯಿತು, ‘ಕಂತಾರೆ’ ಎಂಬ ಹಾಡುವ ಕ್ರಿಯೆ ‘ಶಾಂತೆ’ ಆಯಿತು, ‘ಕತ್ತುಸ್’ ಎಂಬ ಬೆಕ್ಕು ‘ಶಾ’ ಆಯಿತು. ನಿಯಮ ನಿಂತಿತು.

ಜನರ ಮಾತು ಹೇಗಿತ್ತು ಎಂಬುದಕ್ಕೆ ಅಪರೂಪದ ಒಂದು ದಾಖಲೆಯೂ ಇದೆ. ‘ಪ್ರೋಬಸ್‌ನ ಅನುಬಂಧ’ ಎಂದು ಕರೆಯಲಾಗುವ ಪಟ್ಟಿಯಲ್ಲಿ ಯಾರೋ ಮೇಷ್ಟ್ರು ಲ್ಯಾಟಿನ್ ಮಾತಿನ 227 ತಪ್ಪುಗಳನ್ನು ‘ಇದು ಸರಿ, ಅದಲ್ಲ’ ಎಂಬ ಧಾಟಿಯಲ್ಲಿ ತಿದ್ದಿಟ್ಟಿದ್ದಾರೆ. ಅದರಲ್ಲಿ ನಮ್ಮ ಪದವೂ ಇದೆ: ‘ಕಮೆರ’ ಸರಿ, ‘ಕಮ್ಮರ’ ಅಲ್ಲ. ಮೇಷ್ಟ್ರ ಮಾತನ್ನು ದಕ್ಷಿಣ ಇಟಲಿ ಕೇಳಲಿಲ್ಲ. ಸಿಸಿಲಿಯವರು ಕೋಣೆಯನ್ನು ಈಗಲೂ ‘ಕಮ್ಮರ’ ಎಂದೇ ಕರೆಯುತ್ತಾರೆ. ವ್ಯಾಕರಣದ ಮೇಷ್ಟ್ರುಗಳು ಬೈದು ಬರೆದಿಟ್ಟದ್ದೇ ಶಬ್ದಚರಿತ್ರೆಗೆ ಅತ್ಯಂತ ಬೆಲೆಯುಳ್ಳ ಸಾಮಗ್ರಿ. ಹಾಗಾಗಿ ತಪ್ಪುಗಳ ಪಟ್ಟಿ ಎಲ್ಲಿ ಕಂಡರೂ ಬಿಡಬೇಡಿ.

ನಾಲ್ಕನೆಯ ಹೆಜ್ಜೆ: ತತ್ಸಮ ತದ್ಭವಗಳನ್ನು ಬೇರ್ಪಡಿಸುವುದು

ಫ್ರೆಂಚಿನಲ್ಲಿ ‘ಶಾಂಬ್ರ್’ ಇದೆ, ಚಲನಚಿತ್ರದ ಯಂತ್ರಕ್ಕೆ ‘ಕಾಮೆರಾ’ ಎಂಬುದೂ ಇದೆ. ‘ಕ’ ‘ಶ’ವಾಗಬೇಕೆಂಬ ನಿಯಮವನ್ನು ಈ ಎರಡನೆಯದು ಏಕೆ ಮುರಿಯಿತು? ಯೂರೋಪಿನ ಭಾಷೆಗಳನ್ನು ಓದುವವರು ಇದನ್ನು ಹೊಸದಾಗಿ ಕಲಿಯಬೇಕು, ಆದರೆ ನಮಗೆ ಹೈಸ್ಕೂಲಿನ ವ್ಯಾಕರಣದಲ್ಲೇ ಉತ್ತರವಿದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡದಲ್ಲಿ ಹೇಗೆ ಮಾರ್ಪಡುತ್ತವೆ ಎಂದು ಸೂತ್ರ ಬರೆದದ್ದು ಇದೇ ಪ್ರಶ್ನೆಗೆ. ‘ಹಕ್ಕಿ’ ಬಾಯಿಂದ ಬಾಯಿಗೆ ಸವೆದು ಬಂದ ತದ್ಭವ, ‘ಪಕ್ಷಿ’ ಗ್ರಂಥದಿಂದ ನೇರವಾಗಿ ಎತ್ತಿಕೊಂಡ ತತ್ಸಮ, ಎರಡೂ ಪಕ್ಕಪಕ್ಕದಲ್ಲಿ ಬದುಕಿವೆ. ‘ಶಾಂಬ್ರ್’ ಫ್ರೆಂಚಿನ ಹಕ್ಕಿ, ‘ಕಾಮೆರಾ’ ಅದರ ಪಕ್ಷಿ. ಈ ಪಕ್ಷಿ ಫ್ರೆಂಚಿಗೆ ಬಂದದ್ದು ಇಂಗ್ಲಿಷಿನ ಮೂಲಕ.

ಇದನ್ನು ಗುರುತಿಸಲು ಒಂದೇ ಪರೀಕ್ಷೆ ಸಾಕು. ಆ ಭಾಷೆಯ ನಿಯಮಿತ ಧ್ವನಿಬದಲಾವಣೆ ಪದದ ಮೇಲೆ ನಡೆದಿದ್ದರೆ ಅದು ಪರಂಪರೆಯಿಂದ ಬಂದದ್ದು, ನಡೆಯದಿದ್ದರೆ ಆ ಬದಲಾವಣೆ ಮುಗಿದ ಮೇಲೆ ಪುಸ್ತಕದಿಂದಲೋ ನೆರೆಭಾಷೆಯಿಂದಲೋ ಬಂದದ್ದು. ಇಂಗ್ಲಿಷ್ ಒಂದು ಕಡೆ ಮೂರನ್ನೂ ಇಟ್ಟುಕೊಂಡಿದೆ. ಲ್ಯಾಟಿನ್‌ನ ‘ಕಪಿತಾಲೆ’ ಎಂಬ ಒಂದೇ ಪದ ಉತ್ತರದ ನಾರ್ಮನ್ ಮಾತಿನಿಂದ ‘ಕ್ಯಾಟಲ್’ ಆಗಿ ದನಕರುಗಳಿಗೆ, ಮಧ್ಯ ಫ್ರಾನ್ಸಿನ ಮಾತಿನಿಂದ ‘ಚ್ಯಾಟಲ್’ ಆಗಿ ಚರಾಸ್ತಿಗೆ, ನೇರ ಲ್ಯಾಟಿನ್‌ನಿಂದ ‘ಕ್ಯಾಪಿಟಲ್’ ಆಗಿ ಬಂಡವಾಳಕ್ಕೆ ಹೆಸರಾಯಿತು. ನಾರ್ಮಂಡಿಯ ಉತ್ತರ ಭಾಗದ ಮಾತು ‘ಕ’ವನ್ನು ಹಾಗೇ ಉಳಿಸಿಕೊಂಡಿತ್ತು ಎಂಬುದು ತಿಳಿಯದಿದ್ದರೆ ಈ ಮೂರು ಪದಗಳು ಒಡಹುಟ್ಟಿದವೆಂದು ಯಾರೂ ಊಹಿಸಲಾರರು.

ಐದನೆಯ ಹೆಜ್ಜೆ: ಎರವಲಿನ ಕಾಲವನ್ನು ಧ್ವನಿಯಿಂದ ಅಳೆಯುವುದು

ಬರಹದ ದಾಖಲೆ ಸಿಗದಾಗ ಧ್ವನಿಯೇ ಪಂಚಾಂಗ. ಇಂಗ್ಲಿಷಿನ ‘ಚೇಂಬರ್’ನಲ್ಲಿ ‘ಚ’ ಇದೆ, ‘ಶ’ ಅಲ್ಲ. ಹಾಗಾದರೆ ಫ್ರೆಂಚಿನಲ್ಲಿ ಇನ್ನೂ ‘ಚ’ ಇದ್ದಾಗಲೇ ಅದು ಕಡಲು ದಾಟಿರಬೇಕು. 13ನೇ ಶತಮಾನದ ಆರಂಭದ ಇಂಗ್ಲಿಷ್ ಬರಹಗಳಲ್ಲಿ ಆ ಪದ ಸಿಗುವುದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ತಲೆ ಎಂಬ ಅರ್ಥದ ‘ಕಪುತ್’ನಿಂದ ಬಂದ ‘ಚೀಫ್’ ಮತ್ತು ‘ಶೆಫ್’ ಜೋಡಿಯನ್ನು ಪಕ್ಕದಲ್ಲಿಟ್ಟು ನೋಡಿ: ‘ಚ’ಕಾರದ ಮುಖ್ಯಸ್ಥ ಮಧ್ಯಯುಗದಲ್ಲಿ ಬಂದವನು, ‘ಶ’ಕಾರದ ಅಡುಗೆಯವನು 19ನೇ ಶತಮಾನದಲ್ಲಿ ಬಂದವನು. ಕನ್ನಡದಲ್ಲಿ ‘ಚೀಫ್ ಮಿನಿಸ್ಟರ್’ ಎನ್ನುವಾಗಲೂ ‘ಶೆಫ್’ ಎನ್ನುವಾಗಲೂ ಆ ಕಾಲವ್ಯತ್ಯಾಸವನ್ನು ನಮಗರಿವಿಲ್ಲದೆ ಉಚ್ಚರಿಸುತ್ತಿರುತ್ತೇವೆ.

ಸ್ಲಾವಿಕ್ ಭಾಷೆಗಳಲ್ಲಿ ಅಳತೆಗೋಲು ಸ್ವರ. ಹಳೆಯ ಕಾಲದಲ್ಲಿ ಆ ಭಾಷೆಗಳಿಗೆ ಬಂದ ಪದಗಳ ಹ್ರಸ್ವ ‘ಅ’ ಅಲ್ಲಿ ‘ಒ’ ಆಯಿತು. ಆದ್ದರಿಂದ ಉಕ್ರೇನಿಯನ್, ಪೋಲಿಷ್, ಚೆಕ್ ಭಾಷೆಗಳ ‘ಕೊಮೋರ’ ಹಳೆಯ ಅತಿಥಿ. ರಷ್ಯನ್‌ನ ‘ಕಾಮೆರ’ ಹೊಸಬ. ಸೆರೆಮನೆಯ ಕೋಣೆಗೂ, ರೈಲು ನಿಲ್ದಾಣದಲ್ಲಿ ಸಾಮಾನು ಇಡುವ ಕೋಣೆಗೂ ರಷ್ಯನ್ನರು ಇದನ್ನೇ ಹೇಳುತ್ತಾರೆ. ರಷ್ಯದ ದೊರೆ ಪೀಟರ್ ಮಹಾಶಯನ ಆಳ್ವಿಕೆಯಲ್ಲಿ ಜರ್ಮನ್ ಮಾದರಿಯ ಕಚೇರಿಗಳೂ ಆಸ್ಥಾನದ ಪದವಿಗಳೂ ಬಂದಾಗ ‘ಕಾಮೆರ್’ ಎಂಬ ಪೂರ್ವಪದವೂ ಬಂತು. ಅಂಥ ಪದವಿಗಳಲ್ಲೊಂದಾದ ‘ಕಾಮೆರ್-ಯುಂಕರ್’ ಅನ್ನು ಕವಿ ಪುಷ್ಕಿನ್‌ಗೆ 1833ರ ಕೊನೆಯಲ್ಲಿ ದಯಪಾಲಿಸಲಾಯಿತು. ಹದಿಹರೆಯ ದಾಟಿದ ಹುಡುಗರಿಗೆ ಕೊಡುವ ಆ ಪದವಿಯನ್ನು 34 ವರ್ಷದ ತನಗೆ ಕೊಟ್ಟದ್ದು ಅವನಿಗೆ ಅವಮಾನವೆನಿಸಿತ್ತು.

ಬಾಸ್ಕ್ ಭಾಷೆ ಲ್ಯಾಟಿನ್‌ನಿಂದ ಹುಟ್ಟಿದ್ದಲ್ಲ, ಆದರೆ ರೋಮನ್ನರ ಕಾಲದಿಂದಲೇ ಅದರ ನೆರೆಯದು. ಹಳೆಯ ಎರವಲುಗಳ ಮೊದಲಿನ ‘ಕ’ ಅಲ್ಲಿ ‘ಗ’ ಆಗುತ್ತದೆ: ದೇಹಕ್ಕೆ ‘ಕೊರ್ಪುಸ್’ನಿಂದ ‘ಗೊರ್ಪುತ್ಸ್’, ಕೋಟೆಗೆ ‘ಕಸ್ತೆಲ್ಲುಮ್’ನಿಂದ ‘ಗಸ್ತೆಲು’. ‘ಗನ್ಬರ’ ಆ ಸಾಲಿಗೇ ಸೇರುತ್ತದೆ. ಅರ್ಥವೂ ಇದನ್ನು ಬೆಂಬಲಿಸುತ್ತದೆ, ಏಕೆಂದರೆ ಮಾಡಿನ ಕೆಳಗಿನ ಅಟ್ಟ ಎಂಬುದು ವಿಟ್ರೂವಿಯಸ್‌ನ ಒಳಮಾಡಿಗೆ ಯಾವ ಕೋಣೆಗಿಂತಲೂ ಹತ್ತಿರ. ಐರಿಷ್‌ನ ‘ಶೋಮ್ರ’ದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐರಿಷ್‌ನಲ್ಲಿ ಪದದ ಮೊದಲಿಗೆ ‘ಚ’ ಸಲ್ಲದ ಕಾರಣ ಆಂಗ್ಲೋ-ನಾರ್ಮನ್ ದೊರೆಗಳ ‘ಚಾಂಬ್ರೆ’ಯನ್ನು ಅವರು ‘ಶ’ ಮಾಡಿಕೊಂಡರು.

ಆರನೆಯ ಹೆಜ್ಜೆ: ಅರ್ಥ ಕವಲೊಡೆದ ಜಾಗದಲ್ಲಿ ಜನರನ್ನು ಹುಡುಕುವುದು

ಅರ್ಥ ತಾನಾಗಿ ಬದಲಾಗುವುದಿಲ್ಲ. ಯಾವುದೋ ವೃತ್ತಿಯವರು ಅದನ್ನು ತಮ್ಮ ಕೆಲಸಕ್ಕೆ ಎಳೆದುಕೊಂಡಿರುತ್ತಾರೆ. ಪ್ರತಿ ಕವಲಿನಲ್ಲೂ ‘ಈ ಪದ ಯಾರಿಗೆ ಬೇಕಾಗಿತ್ತು’ ಎಂದು ಕೇಳಿಕೊಳ್ಳಿ.

ಮೊದಲು ಅರಸರಿಗೆ ಬೇಕಾಯಿತು. ಮಧ್ಯಯುಗದ ದೊರೆಯ ಬೆಲೆಬಾಳುವ ವಸ್ತುಗಳು ಇರುತ್ತಿದ್ದುದು ಅವನು ಮಲಗುವ ಕೋಣೆಯಲ್ಲಿ, ಹಾಗಾಗಿ ‘ಕಮೆರ’ ಖಜಾನೆಯ ಹೆಸರೂ ಆಯಿತು. ಆ ಕೋಣೆಯನ್ನು ನೋಡಿಕೊಳ್ಳುವವನ ಹೆಸರಿನಲ್ಲಿ ಒಂದು ಸೊಗಸಾದ ಸುತ್ತು ಇದೆ. ಲ್ಯಾಟಿನ್ ಪದವನ್ನು ಪಡೆದ ಜರ್ಮಾನಿಕ್ ಫ್ರಾಂಕರು ಅದಕ್ಕೆ ತಮ್ಮ ‘-ಲಿಂಗ್’ ಪ್ರತ್ಯಯ ಸೇರಿಸಿದರು. ಹಾಗೆ ಹುಟ್ಟಿದ ಪದ ಮತ್ತೆ ಲ್ಯಾಟಿನ್ ಮೂಲದ ಭಾಷೆಗಳಿಗೆ ಮರಳಿ, ಫ್ರೆಂಚಿನ ಮೂಲಕ ಇಂಗ್ಲಿಷಿನ ‘ಚೇಂಬರ್ಲಿನ್’ ಆಯಿತು, ಇಟಾಲಿಯನ್‌ನ ‘ಕಾಮೆರ್ಲೆಂಗೊ’ ಆಯಿತು. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ನಿಧನರಾದ ಸುದ್ದಿಯನ್ನು ಪ್ರಕಟಿಸಿದ ಕಾರ್ಡಿನಲ್ ಕೆವಿನ್ ಫ್ಯಾರೆಲ್ ಅವರ ಹುದ್ದೆ ಇದೇ. ದೊರೆಯ ಕೋಣೆಯಲ್ಲಿ ಸೇರುತ್ತಿದ್ದ ಸಲಹೆಗಾರರಿಂದ ಮುಂದೆ ‘ಕೋಣೆ’ ಎಂದರೆ ಶಾಸನಸಭೆಯೂ ಆಯಿತು. ಇಟಲಿಯ ಕೆಳಮನೆ ‘ಕಾಮೆರ’, ನೆದರ್ಲೆಂಡ್ಸಿನದು ‘ಎರಡನೆಯ ಕಾಮರ್’. ವಿಧಾನಸಭೆ, ವಿಧಾನ ಪರಿಷತ್ತುಗಳಿರುವ ನಮ್ಮ ರಾಜ್ಯದ ವ್ಯವಸ್ಥೆಯನ್ನು ಇಂಗ್ಲಿಷಿನಲ್ಲಿ ‘ಬೈಕ್ಯಾಮೆರಲ್’ ಎನ್ನುವುದೂ ಇದರಿಂದಲೇ. ಕನ್ನಡ ಅದನ್ನು ‘ದ್ವಿಸದನ’ ಎಂದು ತನ್ನದಾಗಿಸಿಕೊಂಡಿದೆ.

ಎರಡನೆಯದಾಗಿ ಸೈನಿಕರಿಗೆ ಬೇಕಾಯಿತು. ಸ್ಪೇನಿನ ಸೇನೆಯಲ್ಲಿ ಒಂದೇ ‘ಕಾಮರ’ದಲ್ಲಿ ಮಲಗಿ ಉಣ್ಣುವ ಸಿಪಾಯಿಗಳ ಗುಂಪಿಗೆ ‘ಕಾಮರಾದ’ ಎಂಬ ಹೆಸರಿತ್ತು. ಕ್ರಮೇಣ ಅದು ಗುಂಪಿನ ಒಬ್ಬ ಸಂಗಾತಿಯ ಹೆಸರಾಯಿತು. ಗಂಡಸನ್ನು ಹೇಳುವಾಗಲೂ ಸ್ಪ್ಯಾನಿಷ್ ಪದದ ಕೊನೆಯಲ್ಲಿ ಸ್ತ್ರೀಲಿಂಗದ ‘ಅ’ ಉಳಿದಿದೆ, ಅದು ಒಂದು ಕಾಲಕ್ಕೆ ಗುಂಪಿನ ಹೆಸರಾಗಿತ್ತು ಎಂಬುದರ ಗುರುತು. ವ್ಯಾಕರಣದ ಇಂಥ ಹೊಂದದ ತುದಿಗಳನ್ನು ಎಂದೂ ಕಡೆಗಣಿಸಬೇಡಿ. 16ನೇ ಶತಮಾನದಲ್ಲಿ ಪದ ಫ್ರೆಂಚಿಗೂ ಜರ್ಮನ್ನಿಗೂ, ಆ ಶತಮಾನದ ಕೊನೆಗೆ ಇಂಗ್ಲಿಷಿಗೂ ಹೋಯಿತು. ಅದು ಸಮಾಜವಾದಿಗಳ ಸಂಬೋಧನೆಯಾದದ್ದು 19ನೇ ಶತಮಾನದಲ್ಲಿ. ಒಂದು ವಿಚಿತ್ರವೆಂದರೆ ಜರ್ಮನ್ ಸಮಾಜವಾದಿಗಳು ಪರಸ್ಪರ ‘ಗೆನೊಸ್ಸೆ’ ಎಂದರು, ರಷ್ಯನ್ನರು ‘ತವಾರಿಷ್’ ಎಂದರು. ಇಂಗ್ಲಿಷಿನ ‘ಕಾಮ್ರೇಡ್’ ಆ ಪದಗಳ ಅನುವಾದವಾಗಿ ಜಗತ್ತು ಸುತ್ತಿ ನಮ್ಮ ಕಾರ್ಮಿಕ ಸಭೆಗಳಿಗೆ ಬಂತು. ಪದ ಸ್ಪೇನಿನ ಸಿಪಾಯಿಯದು, ಬಳಕೆ ಮಾಸ್ಕೋದ್ದು.

ಮೂರನೆಯದಾಗಿ ಬೆಳಕನ್ನು ಅಭ್ಯಾಸ ಮಾಡುವವರಿಗೆ ಬೇಕಾಯಿತು. ಕತ್ತಲ ಕೋಣೆಯ ಗೋಡೆಗೆ ಸಣ್ಣ ರಂಧ್ರವಿದ್ದರೆ ಹೊರಗಿನ ದೃಶ್ಯ ಎದುರುಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. 11ನೇ ಶತಮಾನದಲ್ಲಿ ಅರಬ್ ವಿಜ್ಞಾನಿ ಇಬ್ನ್ ಅಲ್ ಹೈಥಮ್ ಇದನ್ನು ಚರ್ಚಿಸಿದ್ದ. ಖಗೋಳಜ್ಞ ಯೊಹಾನೆಸ್ ಕೆಪ್ಲರ್ 1604ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಇದಕ್ಕೆ ‘ಕಮೆರ ಒಬ್‌ಸ್ಕೂರ’ ಎಂಬ ಹೆಸರು ಬಳಸಿದ, ಅರ್ಥ ಅಕ್ಷರಶಃ ಕತ್ತಲ ಕೋಣೆ. ಕೋಣೆ ಡೇರೆಯಾಯಿತು, ಡೇರೆ ಪೆಟ್ಟಿಗೆಯಾಯಿತು. 1839ರಲ್ಲಿ ಪ್ಯಾರಿಸಿನಲ್ಲಿ ಡಗೇರ್‌ನ ಫೋಟೋ ತೆಗೆಯುವ ವಿಧಾನ ಬಹಿರಂಗವಾದ ಬಳಿಕ ಛಾಯಾಗ್ರಾಹಕರ ಬಾಯಲ್ಲಿ ‘ಒಬ್‌ಸ್ಕೂರ’ ಉದುರಿಹೋಗಿ ಬರೀ ‘ಕ್ಯಾಮೆರಾ’ ಉಳಿಯಿತು. ಅಂದರೆ ಇಂದು ನಮ್ಮ ಜೇಬಿನ ಫೋನಿನಲ್ಲಿರುವ ಪದದಲ್ಲಿ ಮುಖ್ಯ ವಿಷಯವಾದ ಕತ್ತಲೆಯೇ ಬಿಟ್ಟುಹೋಗಿದೆ.

ನ್ಯಾಯಾಲಯದವರು ಮಾತ್ರ ಹಳೆಯ ಅರ್ಥವನ್ನು ಬಿಟ್ಟುಕೊಡಲಿಲ್ಲ. ಪತ್ರಿಕೆಗಳಲ್ಲಿ ‘ಇನ್ ಕ್ಯಾಮೆರಾ ವಿಚಾರಣೆ’ ಎಂದು ಬರುವುದನ್ನು ಕಂಡು, ಕಲಾಪವನ್ನು ಚಿತ್ರೀಕರಿಸುತ್ತಾರೆ ಎಂದುಕೊಂಡವರನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಸಂಗತಿ ತದ್ವಿರುದ್ಧ. ಅದು ಮುಚ್ಚಿದ ಕೋಣೆಯೊಳಗಿನ ವಿಚಾರಣೆ, ಕ್ಯಾಮೆರಾಗಳಿಗೂ ಸಾರ್ವಜನಿಕರಿಗೂ ಅಲ್ಲಿ ಪ್ರವೇಶವಿಲ್ಲ. ಅತ್ಯಾಚಾರ ಪ್ರಕರಣಗಳ ವಿಚಾರಣೆ ಹೀಗೇ ನಡೆಯಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 327ನೇ ಕಲಮು ಹೇಳುತ್ತಿತ್ತು. ‘ಗೋಪ್ಯ ವಿಚಾರಣೆ’ ಎಂದು ಬರೆದರೆ ಈ ಗೊಂದಲವೇ ಇರುವುದಿಲ್ಲ.

ಏಳನೆಯ ಹೆಜ್ಜೆ: ಸುಳ್ಳು ನೆಂಟರನ್ನು ಹೊರಗಿಡುವುದು

ಪುಟ ತುಂಬುತ್ತ ಬಂದಂತೆ ಎಲ್ಲೆಲ್ಲೂ ‘ಕಮ’ ಕಾಣತೊಡಗುತ್ತದೆ, ಎಚ್ಚರಿಕೆ ಬೇಕಾದದ್ದು ಆಗಲೇ. ರಷ್ಯನ್‌ನಲ್ಲಿ ಕೋಣೆಗೆ ‘ಕೋಮ್ನಾತ’ ಎನ್ನುತ್ತಾರೆ. ಧ್ವನಿಯೂ ಹತ್ತಿರ, ಅರ್ಥವೂ ಅದೇ, ಆದರೂ ಇದು ನಮ್ಮ ಪದದ ಮಗುವಲ್ಲ. ಇದರ ಮೂಲ ಒಲೆಗೆ ಸಂಬಂಧಿಸಿದ ‘ಕಮಿನಾತ’, ಅಂದರೆ ಅಗ್ಗಿಷ್ಟಿಕೆಯುಳ್ಳ ಕೋಣೆ. ಫ್ರೆಂಚಿನ ‘ಶೆಮಿನೆ’, ಇಂಗ್ಲಿಷಿನ ‘ಚಿಮ್ನಿ’ ಇದರ ಒಡಹುಟ್ಟುಗಳು. ಸುಳಿವು ಕೊಟ್ಟದ್ದು ‘ನ’ಕಾರ, ನಮ್ಮ ಪದದಲ್ಲಿ ಎಲ್ಲಿಯೂ ‘ನ’ ಹುಟ್ಟಲು ಕಾರಣವಿಲ್ಲ. ಜರ್ಮನ್‌ನಲ್ಲಿ ಕೋಣೆಗಿರುವ ‘ತ್ಸಿಮ್ಮರ್’ ಕೂಡ ಬೇರೆ, ಅದು ಇಂಗ್ಲಿಷಿನ ‘ಟಿಂಬರ್’ನ ದಾಯಾದಿ.

ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಬಲೆ ‘ಕಮಾನು’. ಮೂಲ ಪದದ ಅರ್ಥವೇ ಕಮಾನು ಎಂದಮೇಲೆ ಇವೆರಡೂ ಒಂದೇ ಎನ್ನಿಸುವುದು ಸಹಜ. ಆದರೆ ನಮ್ಮ ‘ಕಮಾನು’ ಬಂದದ್ದು ಬಿಲ್ಲು ಎಂಬ ಅರ್ಥದ ಪಾರ್ಸಿ ಪದದಿಂದ. ಸೊಂಟವೆಂಬ ಅರ್ಥದ ಪಾರ್ಸಿಯ ‘ಕಮರ್’ ಮತ್ತು ಗ್ರೀಕಿನ ‘ಕಮಾರ’ಗಳಿಗೆ ಬಹು ಹಿಂದೆ ಒಂದೇ ಬೇರು ಇದ್ದಿರಬಹುದೆಂಬ ವಾದವಿದೆ, ಅದಿನ್ನೂ ವಾದವಾಗಿಯೇ ಉಳಿದಿದೆ. ನಿಮ್ಮ ಪುಟದಲ್ಲಿ ಅದನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಅಂಚಿನಲ್ಲಿ ಬರೆಯಿರಿ, ಕಾಲಂನೊಳಗೆ ಬೇಡ. ಆದರೆ ಹಿಂದಿ, ಉರ್ದುಗಳ ‘ಕಮ್ರಾ’ ನಿಜವಾದ ನೆಂಟ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ‘ಕಾಮರ’ದಿಂದ ಅದು ಬಂತು. ಅದೇ ಪೋರ್ಚುಗೀಸರಿಂದ ಪಾದ್ರಿ, ಇಗರ್ಜಿಗಳನ್ನು ಪಡೆದ ಕನ್ನಡದ ಬರಹದಲ್ಲಿ ‘ಕಮ್ರಾ’ ಊರಲಿಲ್ಲ. ಕೋಣೆ, ಕೊಠಡಿ ಎರಡೂ ಇದ್ದ ಮನೆಗೆ ಮೂರನೆಯದು ಬೇಕಾಗಿರಲಿಲ್ಲವೇನೋ.

ಕೊನೆಯ ಹೆಜ್ಜೆ: ಮರವನ್ನು ಬರೆದು, ಇನ್ನೊಂದು ಪದದಿಂದ ಪರೀಕ್ಷಿಸುವುದು

ಈಗ ದೊಡ್ಡ ಹಾಳೆಯ ನಡುವೆ ‘ಕಮೆರ’ ಬರೆಯಿರಿ. ಬಾಯಿಂದ ಬಾಯಿಗೆ ಬಂದ ರೂಪಗಳಿಗೆ ಗಟ್ಟಿ ಗೆರೆ, ಎರವಲುಗಳಿಗೆ ಚುಕ್ಕಿ ಗೆರೆ, ಸಂದೇಹವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಪ್ರತಿ ಗೆರೆಯ ಪಕ್ಕ ಎರಡು ಮಾತು ಇರಲಿ: ಯಾವ ಧ್ವನಿನಿಯಮ, ಯಾವ ಜನ. ಎರಡರಲ್ಲಿ ಒಂದು ಬರೆಯಲಾಗದ ಗೆರೆಯನ್ನು ಪೆನ್ಸಿಲ್‌ನಲ್ಲೇ ಬಿಡಿ.

ಅಭ್ಯಾಸಕ್ಕೆ ‘ಚಾವಿ’ಯನ್ನು ಹಿಡಿಯಿರಿ. ಅದು ಪೋರ್ಚುಗೀಸಿನ ‘ಶಾವೆ’ಯಿಂದ ಬಂದದ್ದು, ಮೂಲ ಲ್ಯಾಟಿನ್‌ನ ‘ಕ್ಲಾವಿಸ್’. ಲ್ಯಾಟಿನ್ ನಾಮಪದಗಳು ಈ ಭಾಷೆಗಳಿಗೆ ಹೆಚ್ಚಾಗಿ ದ್ವಿತೀಯಾ ವಿಭಕ್ತಿಯ ರೂಪದಿಂದ ಇಳಿಯುವುದರಿಂದ ಲೆಕ್ಕವನ್ನು ‘ಕ್ಲಾವೆಮ್’ನಿಂದ ಆರಂಭಿಸಬೇಕು. ಇಟಾಲಿಯನ್ ‘ಕ್ಯಾವೆ’, ಸ್ಪ್ಯಾನಿಷ್ ‘ಯಾವೆ’, ಫ್ರೆಂಚ್ ‘ಕ್ಲೆ’ ಎಂಬ ರೂಪಗಳನ್ನು ಕಾಲಂಗಳಲ್ಲಿ ತುಂಬಿ. ಪೋರ್ಚುಗೀಸಿನಲ್ಲಿ ಜ್ವಾಲೆಯೆಂಬ ಅರ್ಥದ ‘ಫ್ಲಮ್ಮ’ ‘ಶಾಮ’ವೂ, ಮಳೆಯೆಂಬ ಅರ್ಥದ ‘ಪ್ಲುವಿಯ’ ‘ಶುವ’ವೂ ಆದದ್ದನ್ನು ಪಕ್ಕದಲ್ಲಿಟ್ಟರೆ ನಿಯಮ ಕಣ್ಣಿಗೆ ಕಾಣುತ್ತದೆ. ಇಂದು ಅಲ್ಲಿ ‘ಶ’ ಎಂದು ಉಚ್ಚರಿಸುವುದು ನಮ್ಮಲ್ಲಿ ‘ಚ’ ಆಗಿ ಉಳಿದಿರುವುದು ಏಕೆ ಎಂಬ ಪ್ರಶ್ನೆಗೆ ಐದನೆಯ ಹೆಜ್ಜೆಯ ‘ಚೇಂಬರ್’ ದಾರಿ ತೋರಿಸುತ್ತದೆ. ಆಮೇಲೆ ‘ಕಾನ್‌ಕ್ಲೇವ್’ ಎಂಬ ಪದವನ್ನು ಬಿಡಿಸಿ ನೋಡಿ. ಬೆಂಗಳೂರಿನ ಹೋಟೆಲುಗಳಲ್ಲಿ ನಡೆಯುವ ಉದ್ಯಮಿಗಳ ಸಭೆಗೆ ಈಗ ಅದೇ ಹೆಸರು, ಆದರೆ ಲ್ಯಾಟಿನ್‌ನಲ್ಲಿ ಅದು ಚಾವಿ ಹಾಕಿ ಭದ್ರಪಡಿಸಬಹುದಾದ ಕೋಣೆ.